ಬೆರಳಗಲದ ಸಡಿಲು

ಉಗರಗೋಳದ ಸುತ್ತಲಿನ ಎರೆಹೊಲಗಳಲ್ಲಿ ದುಡಿದು ಹಳತಾದ ಟ್ರ್ಯಾಕ್ಟರಿಗೆ ಸಲ್ಲುವ ಆರೈಕೆಗಳಲ್ಲಿ ಕ್ಲಚ್ ಹೊಂದಿಸುವುದು ಅತ್ಯಂತ ಸೂಕ್ಷ್ಮವಾದದ್ದು, ಮಾಡುವವರಿಗೆ ಅತ್ಯಂತ ಹಿತವಾದದ್ದು. ಎಂಜಿನ್ನಿನ ಬಲವನ್ನು ಗಿಯರ್ ಪೆಟ್ಟಿಗೆಗೆ ಒಪ್ಪಿಸುವ, ಬೇಕೆಂದಾಗ ತಡೆಯುವ ಭಾಗವೇ ಕ್ಲಚ್. ಎಂಜಿನ್ನಿನೊಡನೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿಗೆ ಕ್ಲಚ್ ಪ್ಲೇಟನ್ನು ಸ್ಪ್ರಿಂಗುಗಳು ಅದುಮಿ ಹಿಡಿದಿರುತ್ತವೆ, ಪೆಡಲ್ ತುಳಿದಾಗ ಬೇರಿಂಗೊಂದು ಮುಂದೆ ಸರಿದು ‘ಫಿಂಗರ್’ ಎನ್ನುವ ಸಣ್ಣ ಸನ್ನೆಗಳನ್ನು ಒತ್ತಿ ಆ ಹಿಡಿತವನ್ನು ಬಿಡಿಸುತ್ತದೆ.

ಬೇರಿಂಗು ಫಿಂಗರುಗಳನ್ನು ಮುಟ್ಟುವ ಮುನ್ನ ಪೆಡಲು ಹಗುರವಾಗಿ ಸಾಗುವ ದೂರಕ್ಕೆ ‘ಫ್ರೀ ಪ್ಲೇ’, ಅಂದರೆ ಸಡಿಲು, ಎಂದು ಹೆಸರು. ಹಲವು ಹಳೆಯ ಮಾದರಿಗಳಲ್ಲಿ ಅದು ಸುಮಾರು 25 ಮಿ.ಮೀ. ಇದ್ದು, ಖಚಿತ ಅಳತೆಗೆ ಆಯಾ ಟ್ರ್ಯಾಕ್ಟರಿನ ಕೈಪಿಡಿಯೇ ಪ್ರಮಾಣ. ಸವೆದದ್ದು ಸಡಿಲಾಗುವುದು ಲೋಕರೂಢಿಯಾದರೆ ಇಲ್ಲಿ ನಡೆಯುವುದು ಅದಕ್ಕೆ ವಿರುದ್ಧ: ಪ್ಲೇಟು ಸವೆದು ತೆಳುವಾದಂತೆ ಅದನ್ನು ಅದುಮುವ ತಟ್ಟೆ ಫ್ಲೈವೀಲಿನತ್ತ ಸರಿಯುತ್ತದೆ, ಫಿಂಗರುಗಳ ಒಳತುದಿ ಬೇರಿಂಗಿನತ್ತ ಬರುತ್ತದೆ, ಸಡಿಲು ಕ್ರಮೇಣ ಕರಗುತ್ತದೆ. ಅದು ಪೂರ್ತಿ ಇಲ್ಲವಾದಾಗ ಹಿಡಿತ ಜಾರತೊಡಗಿ, ಭರತ ಹುಣ್ಣಿಮೆಯ ಜಾತ್ರೆಗೆ ಭಕ್ತರನ್ನು ಹೊತ್ತು ಯಲ್ಲಮ್ಮನ ಗುಡ್ಡದ ಏರಿನಲ್ಲಿ ಸಾಗುವ ಟ್ರ್ಯಾಕ್ಟರು ಎಂಜಿನ್ ಮೊರೆದರೂ ಮುಂದೆ ಸಾಗದೆ ಸುಟ್ಟ ವಾಸನೆ ಬೀರುತ್ತದೆ. ಸಡಿಲು ಮಿತಿಮೀರಿದರೆ ಕ್ಲಚ್ ಪೂರ್ತಿ ಬಿಡದೆ ಗಿಯರು ಕರಕರನೆ ಕೂಗುತ್ತದೆ.

ಹೊಂದಿಸುವ ಕ್ರಮ ಸರಳವಾದರೂ ಆತುರವನ್ನು ಸಹಿಸುವುದಿಲ್ಲ. ಎಂಜಿನ್ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಪೆಡಲಿನ ಸರಳಿನಲ್ಲಿರುವ ಬಿಗಿನಟ್ಟನ್ನು ಪಾನಾದಿಂದ ಸಡಿಲಿಸಿ, ಪಿನ್ನು ತೆಗೆದು, ಸರಳಿನ ತುದಿಯನ್ನು ಅರ್ಧರ್ಧ ಸುತ್ತು ತಿರುಗಿಸುತ್ತ, ಪ್ರತಿ ಸಲವೂ ಪಿನ್ನು ಕೂಡಿಸಿ ಪೆಡಲನ್ನು ಕೈಯಿಂದ ಒತ್ತಿ ನೋಡಬೇಕಾಗುತ್ತದೆ. ಹಗುರ ಮುಗಿದು ಭಾರ ಮೊದಲಾಗುವ ಆ ಬಿಂದುವನ್ನು ಅಳತೆಪಟ್ಟಿ ತೋರಿಸುವುದಕ್ಕಿಂತ ಮೊದಲೇ ಪಳಗಿದ ಅಂಗೈ ಕಂಡುಕೊಳ್ಳುತ್ತದೆ, ಮತ್ತು ಈ ಕೆಲಸದ ಸುಖವೆಲ್ಲ ಅಲ್ಲಿಯೇ ಇದೆ.

ನೊಗಕ್ಕೆ ಎತ್ತಿನ ಕೊರಳನ್ನು ಸೇರಿಸುವ ಪಟ್ಟಿಯಾದ ಜೊತ್ತಿಗೆಯನ್ನು ಕಟ್ಟುವಾಗ ಒಳಗೆ ಬೆರಳಾಡುವಷ್ಟು ಜಾಗ ಬಿಡುತ್ತಿದ್ದ ಒಕ್ಕಲಿಗನಿಗೆ ಈ ಅಳತೆ ಹೊಸದೇನಲ್ಲ. ದುಡಿಯುವ ಜೀವಕ್ಕೆ ಉಸಿರಾಡಲು ಬಿಟ್ಟ ಆ ಬೆರಳಗಲವೇ ಈಗ ಪೆಡಲಿನ ಕೆಳಗೆ ಉಳಿದಿದೆ.