ಚಿತ್ರಕ್ಕೊಂದು ಪ್ರಶ್ನೆ

ಮಣಿಪಾಲದ 'ತುಷಾರ' ಮಾಸಪತ್ರಿಕೆ ನಿಮ್ಮ ಮನೆಗೂ ಬರ್ತಿತ್ತಾ? ಹಾಗಿದ್ರೆ ಅದರ 'ಚಿತ್ರಕವನ' ಸ್ಪರ್ಧೆ ನಿಮಗೆ ಗೊತ್ತೇ ಇರುತ್ತೆ. ಒಂದು ಫೋಟೋ ಅಚ್ಚು ಹಾಕಿರ್ತಾರೆ. ಅದನ್ನ ನೋಡಿ ಓದುಗರು ಪದ್ಯ ಬರೆದು ಕಳಿಸಬೇಕು, ಅಷ್ಟೇ. ಹಳೆಯ ಕಾವ್ಯಶಾಸ್ತ್ರದಲ್ಲಿ 'ಚಿತ್ರಕವಿತೆ' ಅಂದ್ರೆ ಬೇರೇನೇ, ಅಕ್ಷರಗಳನ್ನ ಪದ್ಮದ ಆಕಾರಕ್ಕೋ ಹಾವಿನ ಆಕಾರಕ್ಕೋ ಹೊಂದಿಸೋ ಪಂಡಿತರ ಕಸರತ್ತು. ಇದು ಹಾಗಲ್ಲ. ಪೋಸ್ಟ್ ಕಾರ್ಡ್ ಕೊಳ್ಳೋ ಶಕ್ತಿ ಇದ್ದವರೆಲ್ಲ ಕವಿಗಳಾಗಬಹುದಾದ ಆಟ. ನನಗೆ ಗೊತ್ತಿರೋ ಮೂರ್ನಾಲ್ಕು ಜನರ ಮೊದಲ ಪದ್ಯ ಹುಟ್ಟಿದ್ದು ಇಂಥ ಒಂದು ಫೋಟೋದ ಪಕ್ಕದಲ್ಲೇ.

ಇಲ್ಲಿ ಮಾರ್ಗನ್ ಹಿಲ್‌ನಲ್ಲಿ ನಾವು ಒಂದಿಷ್ಟು ಕನ್ನಡದ ಗೆಳೆಯರು ಇದೇ ಆಟ ಆಡ್ತೀವಿ. ಶುಕ್ರವಾರ ಸಂಜೆ ಯಾರಾದರೊಬ್ಬರು ಒಂದು ಚಿತ್ರ ಕಳಿಸ್ತಾರೆ. ಭಾನುವಾರ ರಾತ್ರಿಯೊಳಗೆ ಉಳಿದವರು ಎಂಟು ಸಾಲಿನ ಪದ್ಯವನ್ನೋ ಅರ್ಧ ಪುಟದ ಗದ್ಯವನ್ನೋ ಬರೆಯಬೇಕು. ಖಾಲಿ ಹಾಳೆ ಎದುರು ಕೂತ್ರೆ ನನ್ನಂಥವನಿಗೆ ಕೈ ಓಡಲ್ಲ. ಚಿತ್ರ ಇದ್ರೆ ಹಿಡ್ಕೊಳ್ಳೋಕೆ ಒಂದು ಗೂಟ ಸಿಕ್ಕ ಹಾಗೆ. ನಮ್ಮದು ಒಂದೇ ನಿಯಮ: ಚಿತ್ರ ಈಗಾಗಲೇ ಹೇಳಿದ್ದನ್ನ ಮತ್ತೆ ಹೇಳಬಾರದು. ಮಳೆ ಕಾಣ್ತಾ ಇರೋವಾಗ 'ಮಳೆ ಸುರಿಯುತಿದೆ' ಅಂತ ಬರೆದ್ರೆ ಒಂದು ಸಾಲು ದಂಡ.

ಹಾಗಾದ್ರೆ ಏನು ಹೇಳಬೇಕು? ನಾನು ಬಹಳ ದಿನದಿಂದ ತಲೆ ಕೆಡಿಸಿಕೊಂಡಿರೋದು ಇದೇ ಪ್ರಶ್ನೆಗೆ.

ಕೆಲವು ಚಿತ್ರಗಳಲ್ಲಿ ಈ ತಾಪತ್ರಯ ಇಲ್ಲ. ನಮ್ಮೂರ ಸುತ್ತ 'ಪಾಪಿ ಜಾಸ್ಪರ್' ಅನ್ನೋ ಕಲ್ಲು ಸಿಗುತ್ತೆ (ನಮ್ಮ 'ಪಾಪಿ' ಅಲ್ಲ ಸ್ವಾಮಿ, ಹೂವಿನ ಹೆಸರು!). ಕೊಯ್ದು ಮೆರುಗು ಕೊಟ್ರೆ ಒಳಗೆ ಕೆಂಪು, ಹಳದಿ ಚುಕ್ಕೆಗಳು, ಥೇಟ್ ಕ್ಯಾಲಿಫೋರ್ನಿಯಾದ ಗುಡ್ಡಗಳ ಮೇಲೆ ವಸಂತದಲ್ಲಿ ಅರಳೋ ಪಾಪಿ ಹೂಗಳ ಹಾಗೆ. ಅದನ್ನ ಯಾರೂ ಬಿಡಿಸಿದ್ದಲ್ಲ. ಅದರ ಮೇಲೆ ನೀವು ಏನು ಬರೆದ್ರೂ ಕಲ್ಲು ತಕರಾರು ಮಾಡಲ್ಲ. ಹೂವು ಅನ್ನಿ, ಗಾಯ ಅನ್ನಿ, ಅಮ್ಮನ ಕುಂಕುಮ ಅನ್ನಿ, ಎಲ್ಲಾ ನಡೆಯುತ್ತೆ.

ಆದರೆ ಚಿತ್ರದಲ್ಲಿ ಒಂದು ಮುಖ ಬಂದ ಕೂಡಲೇ ಲೆಕ್ಕ ಬದಲಾಗುತ್ತೆ.

ಕನ್ನಡದಲ್ಲಿ ಇದಕ್ಕೆ ದೊಡ್ಡ ಮೇಲ್ಪಂಕ್ತಿ ಡಿವಿಜಿಯವರ 'ಅಂತಃಪುರ ಗೀತೆ'. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರು ಚೆನ್ನಕೇಶವ ದೇವಸ್ಥಾನದ ಕಂಬಗಳ ಮೇಲ್ತುದಿಯಲ್ಲಿ, ಸೂರಿನ ಕೆಳಗೆ ಬಾಗಿ ನಿಂತ ಮದನಿಕೆಯರಿದ್ದಾರಲ್ಲ, ಅವರ ಮೇಲೆ ಕಟ್ಟಿದ ಹಾಡುಗಳು. ಒಬ್ಬಳು ಕನ್ನಡಿ ನೋಡ್ಕೊಳ್ತಿದ್ದಾಳೆ, ಒಬ್ಬಳ ಕೈಮೇಲೆ ಗಿಳಿ, ಒಬ್ಬಳ ಸೀರೆ ಸೆರಗನ್ನ ಕೋತಿ ಎಳೀತಿದೆ. ಕೆಲವು ವಿಗ್ರಹಗಳ ಬುಡದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದು ಹೋಗಿದ್ದಾರೆ. ಬಳಪದ ಕಲ್ಲು, ಕೆತ್ತುವಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾವು ಇಲ್ಲಿ ಮೈಸೂರುಪಾಕ್ ಹಂಚಿಕೊಂಡು ಸಂಭ್ರಮಿಸಿದ್ವಿ.

ಡಿವಿಜಿ ಆ ಹೆಂಗಸರನ್ನ ವರ್ಣಿಸಿ ಸುಮ್ಮನಾಗೋದಿಲ್ಲ. ಮಾತಾಡಿಸ್ತಾರೆ. ಹಲವು ಹಾಡುಗಳಲ್ಲಿ ಎದುರು ನಿಂತು ಕೇಳ್ತಾರೆ: ಇದೇನು ನಿನ್ನ ಸಡಗರ, ಯಾರಿಗೋಸ್ಕರ ಈ ಸಿಂಗಾರ, ಹೀಗೆ. (ಇವು ನನ್ನ ಮಾತು, ಅವರ ಸಾಲಲ್ಲ.) ಕುವೆಂಪು 1258ರ ಸೋಮನಾಥಪುರದ ಗುಡಿಯ ಮೇಲೆ ಬರೆದಾಗ ಮಾತಾಡೋದು ನೋಡೋಕೆ ಬಂದ ಯಾತ್ರಿಕನ ಜೊತೆ. ಡಿವಿಜಿ ಮಾತಾಡೋದು ನೇರ ಶಿಲ್ಪದ ಜೊತೆ. ದೂರದ ಇಂಗ್ಲೆಂಡಿನಲ್ಲಿ 1819ರಲ್ಲಿ ಕೀಟ್ಸ್ ಗ್ರೀಕ್ ಕಲಶದ ಮೇಲೆ ಪದ್ಯ ಬರೆದಾಗಲೂ ಮೊದಲ ಚರಣದ ಕೊನೆಯಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ. ಎಲ್ಲಿಯ ಕಲಶ, ಎಲ್ಲಿಯ ಮದನಿಕೆ! ಆದ್ರೂ ಇಬ್ಬರಿಗೂ ಹೊಳೆದ ದಾರಿ ಒಂದೇ. ಎದುರಿಗಿರೋದು ಬಾಯಿ ಬಿಡಲ್ಲ ಅಂತ ಗೊತ್ತಿದ್ದೂ ಕೇಳೋದು.

ಇನ್ನು ಈ ಕಡೆಯ ಒಂದು ಚಿತ್ರ. ನಮ್ಮೂರನ್ನ ಸೀಳಿಕೊಂಡು ಹೋಗೋ 101 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು ಮೂರು ಗಂಟೆ ಓಡಿಸಿದ್ರೆ ನಿಪೋಮೋ ಅನ್ನೋ ಊರು ಸಿಗುತ್ತೆ. 1936ರಲ್ಲಿ ಅಲ್ಲಿ ಬಟಾಣಿ ಬೆಳೆ ಹಾಳಾಗಿ ಕೂಲಿಗೆ ಬಂದವರೆಲ್ಲ ಕಂಗಾಲಾಗಿದ್ದಾಗ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೋ ತೆಗೆದಳು. ಕೆನ್ನೆಗೆ ಕೈ ಆನಿಸಿ ಎಲ್ಲೋ ನೋಡ್ತಿರೋ ಹೆಂಗಸು, ಎರಡೂ ಹೆಗಲಿಗೆ ಮುಖ ಮರೆಸಿ ಒರಗಿದ ಮಕ್ಕಳು, ಮಡಿಲಲ್ಲಿ ಕೂಸು. 'ವಲಸೆ ತಾಯಿ' ಅಂತ ಲೋಕಕ್ಕೆಲ್ಲ ಗೊತ್ತಾದ ಚಿತ್ರ. ಅದು ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಆ ಶಿಬಿರಕ್ಕೆ ಆಹಾರ ಕಳಿಸಿತು. ಅಷ್ಟರಲ್ಲಿ ಆ ಸಂಸಾರ ಅಲ್ಲಿಂದ ಹೊರಟು ಹೋಗಿತ್ತು.

ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೋಕೀ ಮೂಲದವಳು, ಆಗ 32 ವರ್ಷ. ಈ ಹೆಸರು ಜನಕ್ಕೆ ಗೊತ್ತಾಗಿದ್ದು 1978ರಲ್ಲಿ! ನಲವತ್ತೆರಡು ವರ್ಷ ಆಕೆ ಬರೀ ಒಂದು ಮುಖ. ಲ್ಯಾಂಗ್ 1960ರಲ್ಲಿ ತಾನೇ ಬರೆದಳು, ನಾನು ಆಕೆಯ ಹೆಸರನ್ನಾಗಲಿ ಕಥೆಯನ್ನಾಗಲಿ ಕೇಳಲಿಲ್ಲ ಅಂತ. ಆದರೂ ಆ ಚಿತ್ರದ ಜೊತೆ ಒಂದು ಕಥೆ ಅಂಟಿಕೊಂಡಿತ್ತು, ಊಟಕ್ಕಾಗಿ ಕಾರಿನ ಟೈರು ಮಾರಿಕೊಂಡರು ಅಂತ. ಆಕೆಯ ಮನೆಯವರು ಆಮೇಲೆ ಹೇಳಿದ್ದು: ನಾವು ಟೈರು ಮಾರಲೇ ಇಲ್ಲ, ಕಾರು ಕೆಟ್ಟು ನಿಂತಿತ್ತು ಅಷ್ಟೇ. ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲ ಅನ್ನೋ ಬೇಸರ ಆಕೆಗಿತ್ತು. 1983ರಲ್ಲಿ ಆಕೆ ತೀರಿಕೊಂಡಳು.

ಲ್ಯಾಂಗ್ ಕೆಟ್ಟವಳು ಅಂತ ನಾನು ಹೇಳ್ತಿಲ್ಲ. ಆ ಚಿತ್ರದಿಂದ ಹಸಿದ ಜನಕ್ಕೆ ಅನ್ನ ಸಿಕ್ಕಿತು, ಇದು ಸಣ್ಣ ಮಾತಲ್ಲ. ಆದರೆ ನೋಡಿ, ಬೇಲೂರಿನ ಕಲ್ಲಿನ ಹೆಂಗಸಿಗೆ ನಮ್ಮ ಕವಿ ಇಷ್ಟೊಂದು ಪ್ರಶ್ನೆ ಕೇಳಿದ. ಹತ್ತು ಅಡಿ ದೂರದಲ್ಲಿ ಉಸಿರಾಡ್ತಾ ಕೂತಿದ್ದ ಹೆಂಗಸಿಗೆ ನಿನ್ನ ಹೆಸರೇನಮ್ಮ ಅಂತ ಯಾರೂ ಕೇಳಲಿಲ್ಲ. ಚಿತ್ರ ನೋಡಿ ಬರೆಯೋ ನಾವು ಸುಲಭವಾಗಿ ಜಾರೋದು ಇಲ್ಲೇ ಅನ್ಸುತ್ತೆ. ಮುದುಕಿಯ ಫೋಟೋ ಕಂಡ್ರೆ 'ಸುಕ್ಕುಗಳಲ್ಲಿ ನೂರು ಕಥೆ' ಅಂತೀವಿ. ಆ ನೂರರಲ್ಲಿ ಒಂದನ್ನೂ ಕೇಳಿರಲ್ಲ.

ಹಾಗಾಗಿ ಈ ಬೇಸಿಗೆಯಲ್ಲಿ ನನ್ನ ಸರದಿ ಬಂದಾಗ ನಮ್ಮಜ್ಜಿಯ ಒಂದು ಫೋಟೋ ಆರಿಸಿಕೊಂಡೆ. 1974ರದ್ದು, ಹಾಸನದ ಹತ್ತಿರದ ನಮ್ಮೂರ ಮನೆ ಅಂಗಳದಲ್ಲಿ ತುಳಸಿಕಟ್ಟೆ ಪಕ್ಕ ನಿಂತಿದ್ದಾಳೆ. ನೇರ ನೋಟ, ಬಿಗಿದ ತುಟಿ. ಮನೆಯಲ್ಲಿ ಎಲ್ಲರೂ ಅದನ್ನ ತೋರಿಸಿ 'ಎಂಥಾ ಶಾಂತ ಮುಖ ನೋಡು' ಅಂತಾರೆ. ಬರೆಯೋ ಮುಂಚೆ ಅಜ್ಜಿಗೆ ಫೋನ್ ಹಚ್ಚಿದೆ. ಆವತ್ತು ಏನು ಯೋಚನೆ ಮಾಡ್ತಿದ್ದೆ ಅಜ್ಜಿ ಅಂದೆ.

"ಎಂಥ ಯೋಚ್ನೆ ಕಣೋ! ಒಲೆ ಮೇಲೆ ಹಾಲಿಟ್ಟು ಬಂದಿದ್ದೆ. ಆ ಫೋಟೋದವನು ಅಲ್ಲಾಡ್ಬೇಡಿ ಅಲ್ಲಾಡ್ಬೇಡಿ ಅಂತ ಬಿಸಿಲಲ್ಲಿ ನಿಲ್ಲಿಸಿಬಿಟ್ಟ. ಹಾಲೆಲ್ಲ ಉಕ್ಕಿ ಹೋಯ್ತು. ಅತ್ತೆ ಹತ್ರ ಬೈಸ್ಕೊಂಡೆ. ಯಾಕ್ ಮಗಾ, ಊಟ ಆಯ್ತಾ?"

ಐವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನ ಅವಳಿಗೆ ಯಾರೂ ಕೇಳಿರಲಿಲ್ಲವಂತೆ. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದಳು. ಮದುವೆಯಾಗಿ ಎರಡನೇ ವರ್ಷ, ಇಪ್ಪತ್ತು ತುಂಬಿತ್ತು, ಆ ಮನೆಯಲ್ಲಿ ಜೋರಾಗಿ ನಗೋಕೂ ಹೆದರಿಕೆ ಆಗ್ತಿತ್ತು ಅಂದಳು. ಭಾನುವಾರ ನಾನು ಕಳಿಸಿದ್ದು ಇಷ್ಟೇ:

ಅಲ್ಲಾಡಬೇಡಿ ಎಂದ ಫೋಟೋದವನು.
ಒಳಗೆ ಹಾಲು ಉಕ್ಕುತ್ತಿತ್ತು.
ಎರಡರ ನಡುವೆ ಸಿಕ್ಕಿಕೊಂಡ ಮುಖಕ್ಕೆ
ಮನೆಯವರು ಐವತ್ತು ವರ್ಷ
ಶಾಂತಿ ಎಂದು ಹೆಸರಿಟ್ಟರು.

ದೊಡ್ಡ ಪದ್ಯ ಏನಲ್ಲ ಬಿಡಿ. ಅಜ್ಜಿಗೆ ಓದಿ ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, "ಹಾಲು ಒಂದೂವರೆ ಸೇರು, ಅದನ್ನೂ ಬರಿ" ಅಂದಳು.

ಎಲ್ಲರಿಗೂ ಫೋನ್ ಮಾಡೋಕೆ ಆಗಲ್ಲ, ಗೊತ್ತು. ಸತ್ತವರಿದ್ದಾರೆ, ಅಪರಿಚಿತರಿದ್ದಾರೆ. ಅಂಥ ಕಡೆ ಡಿವಿಜಿ ದಾರಿ ಇದ್ದೇ ಇದೆ. ಗೊತ್ತಿಲ್ಲದ್ದನ್ನ ಗೊತ್ತಿದ್ದ ಹಾಗೆ ಬರೆಯೋ ಬದಲು ಪ್ರಶ್ನೆಯಾಗಿಯೇ ಪದ್ಯದೊಳಗೆ ಇಡೋದು. ಪ್ರಶ್ನೆ ಎದುರಿನವರಿಗೆ ಜಾಗ ಬಿಡುತ್ತೆ. ಉತ್ತರ ಆ ಜಾಗವನ್ನ ನಾವೇ ಆಕ್ರಮಿಸಿಕೊಂಡ ಹಾಗೆ.

ಈ ಶುಕ್ರವಾರ ಬಂದಿರೋ ಚಿತ್ರ ನಮ್ಮೂರಿನದೇ. ಮಾಂಟೆರೆ ರಸ್ತೆ ಪಕ್ಕದ ಮೆಣಸಿನಕಾಯಿ ಹೊಲ, ಸಾಲಾಗಿ ಬಗ್ಗಿ ಕಾಯಿ ಬಿಡಿಸ್ತಿರೋ ಆಳುಗಳು, ಅಗಲ ಟೋಪಿ, ಮೂಗಿನವರೆಗೆ ಕಟ್ಟಿದ ಬಟ್ಟೆ. ಹಿಂದೆ ಎಲ್ ಟೊರೊ ಗುಡ್ಡ. ಗುಡ್ಡದ ಬಗ್ಗೆ ನಾಲ್ಕು ಸಾಲು ಬೇಗ ಬಂತು, ಅಳಿಸಿ ಹಾಕಿದೆ. ನಾನು ದಿನಾ ಅದೇ ರಸ್ತೆಯಲ್ಲಿ ಕೆಲಸಕ್ಕೆ ಹೋಗೋದು. ನನಗೆ ಬರೋ ಸ್ಪಾನಿಷ್ 'ಬ್ವೇನೊಸ್ ದಿಯಾಸ್' ದಾಟಲ್ಲ. ಆದ್ರೂ ಭಾನುವಾರಕ್ಕೆ ಇನ್ನೂ ಒಂದು ದಿನ ಇದೆ, ಶನಿವಾರವೂ ಅವರಿಗೆ ಕೆಲಸ ಇರುತ್ತೆ. ಬೆಳಿಗ್ಗೆ ಬಿಸಿಲೇರೋ ಮುಂಚೆ ಹೋಗಬೇಕು.