ಅತ್ತಿಯ ಹೆಸರು ಮತ್ತು ಒಂದು ಎಕ್ಸ್‌ಎಂಎಲ್ ಫೈಲು

ಕೋಡ್ ಬರೆಯೋರ ಕಥೆ ಅಂದ ಕೂಡಲೇ ಅರ್ಧ ಜನ ಇಲ್ಲಿಂದಲೇ ಎದ್ದು ಹೋಗ್ತೀರಿ ಅಂತ ಗೊತ್ತು. ಸ್ವಲ್ಪ ತಾಳಿ, ಇದರಲ್ಲಿ ನಮ್ಮೂರು ಬೇವೂರೂ ಇದೆ, ನಮ್ಮ ಸೋದರತ್ತಿಯೂ ಇದ್ದಾಳೆ. :-)

2008ರ ಮಾತು. ಬೆಂಗಳೂರಿನ ಒಂದು ಕಂಪನಿಯಲ್ಲಿ ಡಾಟ್‌ನೆಟ್ ಕೋಡ್ ಕುಟ್ಟುತ್ತಿದ್ದೆ. ವಿಮೆಯವರಿಗೊಂದು ವೆಬ್ ಸರ್ವೀಸ್ ಮಾಡಿಕೊಡುವ ಕೆಲಸ. ಪಾಲಿಸಿದಾರ, ಅವನ ಹೆಂಡತಿ ಮಕ್ಕಳು, ಎಲ್ಲರ ವಿವರ ನಮ್ಮ ಸರ್ವರಿನಿಂದ ಅವರ ಸರ್ವರಿಗೆ ಹೋಗಬೇಕು.

ಪ್ರೋಗ್ರಾಮಿನೊಳಗೆ ಈ ಪಾಲಿಸಿದಾರ ಒಂದು ಆಬ್ಜೆಕ್ಟ್. ಮೆಮೊರಿಯಲ್ಲಿ ಇರುವ ಅವನನ್ನು ಹಾಗೇ ಎತ್ತಿ ಇನ್ನೊಂದು ಕಂಪ್ಯೂಟರಿಗೆ ಕಳಿಸೋಕೆ ಆಗಲ್ಲ. ಸಾಲು ಸಾಲು ಅಕ್ಷರ ಮಾಡಿ ಕಳಿಸಬೇಕು. ಅದಕ್ಕೇ ಸೀರಿಯಲೈಸೇಷನ್ ಅಂತಾರೆ. ಊರಿಂದ ಯಾರೋ ಫೋನಿನಲ್ಲಿ ಹೊಲದ ಉತಾರ (ನಿಮ್ಮ ಕಡೆ ಪಹಣಿ ಅಂತೀರಿ) ಓದಿ ಹೇಳ್ತಾರೆ, ನೀವು ಇಲ್ಲಿ ಬರೆದುಕೊಳ್ತೀರಿ ಅಂದುಕೊಳ್ಳಿ. ಆ ಹಾಳೆ ಇಲ್ಲಿಗೆ ಬರಲಿಲ್ಲ, ಓದಿದ್ದಷ್ಟೇ ಬಂತು. ನಿಮ್ಮ ಕೈಲಿರೋದು ಹೊಸ ಹಾಳೆ.

ಅಂಕಿ, ಅಕ್ಷರ, ತಾರೀಖು ಆದರೆ ಡಾಟ್‌ನೆಟ್ ತಾನೇ ಬರೆದುಕೊಳ್ಳುತ್ತೆ. ನಾವೇ ಕಟ್ಟಿದ ಕ್ಲಾಸ್ ಬಂದರೆ ಪೀಕಲಾಟ ಶುರು. ಎಕ್ಸ್‌ಎಂಎಲ್ ಸೀರಿಯಲೈಸರ್ ಪಬ್ಲಿಕ್ ಅಂತ ಸಾರಿದ್ದನ್ನು ಮಾತ್ರ ಬರೆಯುತ್ತೆ, ಪ್ರೈವೇಟ್ ಆದದ್ದರ ಕಡೆ ಕಣ್ಣೆತ್ತಿಯೂ ನೋಡಲ್ಲ. ಆ ಕಡೆ ಒಂದು ಖಾಲಿ ಆಬ್ಜೆಕ್ಟ್ ಹುಟ್ಟಿಸಿ, ಬಂದದ್ದನ್ನು ಅದರಲ್ಲಿ ತುಂಬುತ್ತಾರೆ.

ನನ್ನ ಕ್ಲಾಸಿನಲ್ಲಿ ಅಪ್ಪನ ಒಳಗೆ ಮಕ್ಕಳ ಪಟ್ಟಿ ಇತ್ತು. ಪ್ರತಿ ಮಗುವಿನ ಒಳಗೆ "ಇವನ ಅಪ್ಪ ಯಾರು" ಅಂತಲೂ ಇತ್ತು. ಅಪ್ಪನನ್ನು ಬರೆಯೋಕೆ ಹೋದರೆ ಮಗ ಬರ್ತಾನೆ, ಮಗನನ್ನು ಬರೆಯೋಕೆ ಹೋದರೆ ಮತ್ತೆ ಅಪ್ಪ! ಸೀರಿಯಲೈಸರ್ ಸುತ್ತು ಬಿದ್ದಿದೆ ಅಂತ ಎರರ್ ಎಸೆದು ಕೈ ಎತ್ತಿತು. ಶುಕ್ರವಾರ ಸಂಜೆ ಬೇರೆ. ಮಗುವಿನ ಕಡೆಯ 'ಅಪ್ಪ'ನ ತಲೆ ಮೇಲೆ 'ಎಕ್ಸ್‌ಎಂಎಲ್ ಇಗ್ನೋರ್' ಅಂತ ಒಂದು ಸಾಲು ಹಾಕಿದೆ. ಅಂದರೆ ಇದನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ. ಎರರ್ ಮಾಯ. ರಾತ್ರಿ ಊರಿನ ಬಸ್ಸು ಹತ್ತಿದೆ.

ಊರಲ್ಲಿ ಕೆಲಸವಿತ್ತು. ಮುತ್ಯಾ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ಹೊಲಕ್ಕೆ ವಾರಸಾ ಮಾಡಿಸಬೇಕಿತ್ತು. ಅದಕ್ಕೆ ವಂಶಾವಳಿ ಬೇಕು. ಮನೆಯಲ್ಲಿ ಕಂಪ್ಯೂಟರ್ ಕಲಿತವನು ನಾನೇ ತಾನೆ, ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಅಪ್ಪ ಹೇಳ್ತಾ ಹೋದ, ನಾನು ಟೈಪ್ ಮಾಡ್ತಾ ಹೋದೆ. ಮುತ್ಯಾ, ಅವನ ಕೆಳಗೆ ಅಪ್ಪ, ಕಾಕಾ.

"ಅತ್ತಿ?" ಅಂದೆ.

"ಆಕಿ ಕೊಟ್ಟ ಮನಿಗೆ ಹೋಗಿ ಮೂವತ್ತು ವರ್ಷ ಆತು. ಆಕೀಗೇನ ಹೊಲ ಬೇಕಾಗೇತಿ? ಸುಮ್ನ ಸಹಿಗೆ ಓಡ್ಯಾಡೂದಾಗತೈತಿ, ಬಿಡು."

ಬಿಟ್ಟೆ. ಒಂದು ಮಾತೂ ಆಡಲಿಲ್ಲ. ಇಳಕಲ್ಲಿಂದ ಪ್ರತಿ ಪಂಚಮಿಗೆ ಉಂಡಿ ಕಟ್ಟಿಕೊಂಡು ಬರುತ್ತಿದ್ದ ಅತ್ತಿ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ತಿದ್ದುಪಡಿ ಕಾಯ್ದೆ 2005ರ ಸೆಪ್ಟೆಂಬರ್ 9ರಿಂದಲೇ ಜಾರಿಯಲ್ಲಿತ್ತು. ಅದು ನನಗೆ ಗೊತ್ತಿತ್ತು ಕೂಡ.

ಬುಧವಾರ ಆಫೀಸಿನಲ್ಲಿ ಟೆಸ್ಟಿಂಗಿನ ಹುಡುಗಿ ನನ್ನ ಟೇಬಲ್ಲಿಗೆ ಬಂದಳು. "ಮಕ್ಕಳ ವಿವರ ಮಾತ್ರ ಕೇಳಿದ್ರೆ ಯಾರ ಮಕ್ಕಳು ಅಂತಾನೇ ಬರ್ತಿಲ್ವಲ್ಲ?" ನೋಡಿದೆ. ಶುಕ್ರವಾರ ನಾನು ಹಾಕಿದ ಅದೇ ಒಂದು ಸಾಲು. ಆ ಕಡೆ ಮಕ್ಕಳೆಲ್ಲ ತಂದೆಯಿಲ್ಲದೆ ಹೋಗಿ ಕೂತಿದ್ದರು. ಎಲ್ಲೂ ಎರರ್ ಇಲ್ಲ! ಯಾಕೆಂದರೆ ತಗೊಳ್ಳುವವನಿಗೆ "ಕಳಿಸಿಲ್ಲ" ಅನ್ನೋದಕ್ಕೂ "ಇಲ್ಲವೇ ಇಲ್ಲ" ಅನ್ನೋದಕ್ಕೂ ವ್ಯತ್ಯಾಸ ತಿಳಿಯೋದಿಲ್ಲ. ಬರದೇ ಇದ್ದದ್ದೆಲ್ಲ ಅವನ ಪಾಲಿಗೆ ಇಲ್ಲ ಅಂತಲೇ ಲೆಕ್ಕ.

ಸರಿ ಮಾಡೋದು ಕಷ್ಟವೇನಿರಲಿಲ್ಲ. ಅಪ್ಪನ ಪೂರ್ತಿ ವಿವರ ಒಂದೇ ಕಡೆ ಬರೆದು ಅವನಿಗೊಂದು ನಂಬರು ಕೊಡೋದು, ಮಗುವಿನ ಒಳಗೆ ಆ ನಂಬರು ಮಾತ್ರ ಇಡೋದು. ಸುತ್ತು ಬೀಳಲ್ಲ, ಯಾರೂ ತಪ್ಪಿಯೂ ಹೋಗಲ್ಲ. 2000ದಲ್ಲಿ ಬಂದ ಸೋಪ್ 1.1ರಲ್ಲೇ ಇಂಥ ಉಪಾಯ ಇತ್ತು. ನನಗೆ ಶುಕ್ರವಾರ ಬೇಕಿದ್ದದ್ದು ಉಪಾಯ ಅಲ್ಲ, ಎರರ್ ಹೋದರೆ ಸಾಕಿತ್ತು. ಭಾನುವಾರ ಅಪ್ಪನಿಗೆ ಬೇಕಿದ್ದದ್ದೂ ಅಷ್ಟೇ.

ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳು ಕಂಪ್ಯೂಟರಿಗೆ ಹೋದವು ಅಂತ ಹೆಮ್ಮೆಯಿಂದ ಹೇಳ್ತಿರ್ತೀವಿ. ನಾವು ತುಂಬಿದ್ದನ್ನು ಅದು ಇಟ್ಟುಕೊಳ್ಳುತ್ತೆ. ತುಂಬದೇ ಬಿಟ್ಟ ಹೆಸರನ್ನು ಅದು ಎಲ್ಲಿಂದ ತರಬೇಕು?

ಅವತ್ತು ಸಂಜೆ ಅತ್ತಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬಯ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹೆಸರ ಬರಿ ತಮ್ಮಾ. ಹೊಲ ಬೇಕೋ ಬ್ಯಾಡೋ ಆಮ್ಯಾಲ ನಾನ ಹೇಳತೀನಿ."

ಎಕ್ಸ್‌ಎಂಎಲ್‌ನಲ್ಲೂ ಹೀಗೇ ಇದೆ ನೋಡಿ. ಒಂದು ವಿವರವನ್ನು ಬರೆಯದೇ ಬಿಡೋದು ಬೇರೆ. ಹೆಸರು ಬರೆದು, ಇದು ಖಾಲಿ ಅಂತ 'ನಿಲ್' ಗುರುತು ಹಾಕೋದು ಬೇರೆ. ಬೇಡ ಅನ್ನೋದಾದರೆ ಅದನ್ನು ಅತ್ತಿಯೇ ಸಹಿ ಹಾಕಿ ಹೇಳಬೇಕು. ಅವಳ ಪರವಾಗಿ ನಾನು ಸಾಲು ಅಳಿಸೋದಲ್ಲ.

ವಂಶಾವಳಿ ಇನ್ನೂ ಕಚೇರಿಗೆ ಕೊಟ್ಟಿರಲಿಲ್ಲ, ಪುಣ್ಯ. ಮತ್ತೆ ಟೈಪ್ ಮಾಡಿ ಕಳಿಸಿದೆ. ಅಪ್ಪ ಎರಡು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅತ್ತಿ ಬೇಡ ಅನ್ನಲಿಲ್ಲ. ಮೂರರಲ್ಲಿ ಒಂದು ಪಾಲು ತಗೊಂಡಳು, ಈಗಲೂ ಅದರಲ್ಲಿ ಬಿಳಿಜೋಳ ಬಿತ್ತಿಸ್ತಾಳೆ. ಆಮೇಲೆ ಬಂದ ಎರಡು ಪಂಚಮಿಗೆ ನಮ್ಮ ಮನೆಗೆ ಉಂಡಿ ಬರಲಿಲ್ಲ. ಮೂರನೆಯದಕ್ಕೆ ಅಪ್ಪನೇ ಇಳಕಲ್ಲಿಗೆ ಹೋಗಿ ಕರೆದುಕೊಂಡು ಬಂದ.

ಈಗ ಸೋಪ್ ಹಳೇದಾಯ್ತು, ಜೇಸನ್ ಬಂದಿದೆ. ಸುತ್ತು ಬೀಳೋದು ಮಾತ್ರ ಹಾಗೇ ಇದೆ. ಹೊಸ ಹುಡುಗರು ಬಂದು "ಸಾರ್, ಇಗ್ನೋರ್ ಹಾಕಿದೆ, ಸರಿ ಹೋಯ್ತು" ಅಂದಾಗಲೆಲ್ಲ ಒಂದು ಪ್ರಶ್ನೆ ಕೇಳ್ತೀನಿ: ಯಾರನ್ನ ಬಿಟ್ಟೆ?

ನಿಮ್ಮ ಮನೆಯ ವಂಶಾವಳಿ ಯಾವತ್ತಾದರೂ ತೆಗೆದು ನೋಡಿದ್ದೀರಾ? ಒಮ್ಮೆ ನೋಡಿ. ಯಾರಾದರೂ ಬಿಟ್ಟುಹೋಗಿದ್ದರೆ ಇಲ್ಲಿ ಬಂದು ಹೇಳಿ.