ನಮ್ಮ ಆಯಿ ಇನ್ನೂ ಹುಟ್ಟೇ ಇಲ್ಲವಂತೆ!

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯಳು ನಮ್ಮ ಮುತ್ತಜ್ಜಿ. ನಾವೆಲ್ಲ ಆಯಿ ಅಂತ ಕರೀತೀವಿ. ಅವಳು ಹುಟ್ಟಿದ್ದು 1928ರಲ್ಲಿ.

2024ರ ಅಕ್ಟೋಬರ್ 1ರಂದು, ವಿಶ್ವ ಹಿರಿಯರ ದಿನ, ಎಂಬತ್ತು ದಾಟಿದವರಿಗೆ ಊರಲ್ಲಿ ಸನ್ಮಾನ ಇತ್ತು. ನಾನು ಆಗ ಆರನೇ ತರಗತಿ. ನಮ್ಮ ಕಾಕಾನ ಹಳೇ ಕಂಪ್ಯೂಟರಿನಲ್ಲಿ ಹೆಸರು, ಹುಟ್ಟಿದ ತಾರೀಖು ಹೊಡೆಯುವ ಕೆಲಸ ನನ್ನದು. ಬೇಗ ಮುಗೀಲಿ ಅಂತ ಇಸವಿಯ ಕೊನೆಯ ಎರಡೇ ಅಂಕಿ ಹೊಡೆದೆ. 1936ಕ್ಕೆ 36, ಆಯಿಗೆ 28. ಎಂಬತ್ತು ದಾಟಿದವರನ್ನು ಅದೇ ಆರಿಸಿ ಪಟ್ಟಿ ಕೊಟ್ಟಿತು. ನಾನು ನೋಡದೇ ಪ್ರಿಂಟ್ ತೆಗೆದು ಕೊಟ್ಟೆ.

ಆಯಿ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕುಂತಿದ್ದಳು. ಒಬ್ಬೊಬ್ಬರನ್ನೇ ಕರೆದು ಶಾಲು ಹೊದಿಸಿದರು. ಆಯಿಯ ಹೆಸರು ಬರಲೇ ಇಲ್ಲ. ಮನೆಗೆ ಬರುವಾಗ, "ಯಾಕವ್ವಾ, ನನ್ನ ಹೆಸರ ಕರೀಲೇ ಇಲ್ಲಲ್ಲ?" ಅಂತ ಕೇಳಿದಳು. ನನಗೆ ಅಳುವೇ ಬಂತು.

ರಾತ್ರಿ ಕಾಕಾ ಕಂಪ್ಯೂಟರ್ ಹಚ್ಚಿ ನೋಡಿದರು. ಆಯಿಯ ವಯಸ್ಸು -4 ಅಂತ ಇತ್ತು! ಗಣಿತದ ಋಣ ಸಂಖ್ಯೆ ನಮ್ಮ ಆಯಿಗೇ ಬಂದಿತ್ತು.

ಕಾಕಾ ಬಿಡಿಸಿ ಹೇಳಿದರು. ಹಿಂದೆ ಕಂಪ್ಯೂಟರಿನ ಮೆಮರಿ ಬಹಳ ದುಬಾರಿ. ಅದಕ್ಕೆ ಇಸವಿಯ ಎರಡೇ ಅಂಕಿ ಇಡುತ್ತಿದ್ದರು. 2000 ಬಂದಾಗ ಯಂತ್ರ 00 ಅನ್ನೋದನ್ನ 1900 ಅಂತ ತಿಳಿದರೆ ಏನು ಗತಿ ಅಂತ ಜಗತ್ತೇ ಹೆದರಿತ್ತು. ಇದಕ್ಕೆ ವೈಟೂಕೆ ಅಂತ ಹೆಸರು. ಅದನ್ನು ಸರಿಮಾಡಲು ಬೆಂಗಳೂರಿನ ಎಂಜಿನಿಯರುಗಳೂ ದುಡಿದರು. ಆಗ ಕೆಲವು ಪ್ರೋಗ್ರಾಂಗಳಲ್ಲಿ ಒಂದು ನಿಯಮ ಇಟ್ಟರು: 30ರಿಂದ 99 ಬಂದರೆ 1900ರ ಲೆಕ್ಕ, 00ರಿಂದ 29 ಬಂದರೆ 2000ದ ಲೆಕ್ಕ. ಹಾಗಾಗಿ 36 ಹೊಡೆದವರು 1936 ಆದರು. ನಮ್ಮ ಆಯಿ 2028 ಆದಳು. ಅಂದರೆ ಇನ್ನೂ ಹುಟ್ಟಿಲ್ಲ!

1928 ಅಂತ ಪೂರ್ತಿ ಹೊಡೆದೆ. 96 ವರ್ಷ ಬಂತು. ಪಟ್ಟಿಯಲ್ಲಿ ಆಯಿಯೇ ಮೊದಲು! ಮರುದಿನ ಗಾಂಧಿ ಜಯಂತಿ. ಊರಿನ ಹಿರಿಯರು ಮನೆಗೇ ಬಂದು ಶಾಲು ಹೊದಿಸಿದರು. ನಾನು ಕಾಲಿಗೆ ಬಿದ್ದೆ. ಆಯಿ ನಕ್ಕು, "ಇರಲಿ ಬಿಡವ್ವಾ, ಇನ್ನ ನಾಕ ವರ್ಷಕ್ಕ ಹುಟ್ಟತೀನಂತ, ಆಗ ನನ್ನ ತೊಟ್ಟಿಲಾ ತೂಗು" ಅಂದಳು.

ಸ್ನೇಹಿತರೇ, ನಾನು ಬರೆದುಕೊಂಡು ಬಂದಿದ್ದು 12 ಹೆಸರು, ಪ್ರಿಂಟಿನಲ್ಲಿ ಇದ್ದದ್ದು 11. ಒಮ್ಮೆ ಎಣಿಸಿದ್ದರೆ ಸಾಕಿತ್ತು. ಕಂಪ್ಯೂಟರಿಗೆ ನಮ್ಮ ಆಯಿ ಗೊತ್ತಿಲ್ಲ, ನನಗೆ ಗೊತ್ತಿತ್ತು. ಆದ್ದರಿಂದ ಇಸವಿಯನ್ನು ನಾಲ್ಕು ಅಂಕಿಯಲ್ಲೇ ಬರೆಯಿರಿ, ಯಂತ್ರ ಕೊಟ್ಟ ಲೆಕ್ಕವನ್ನು ಕಣ್ಣಿಂದ ನೋಡಿರಿ.

— ಏಳನೇ ತರಗತಿಯ ವಿದ್ಯಾರ್ಥಿನಿ, ಚಿಗಳ್ಳಿ